ಬಿರುಗಾಳಿಯೂ ‘ತಡಿ’ ಗುಂಡಿಯೂ

ಡಿಪೋದಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಚಾಲ್ತಿಯಲ್ಲಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಬಿರುಗಾಳಿ. ಇಪ್ಪತ್ತೊಂಬತ್ತು ವರ್ಷ ಊರೊಳಗೆ ಬಸ್ಸು ಓಡಿಸಿದ, ಒಂದು ದಿನವೂ ಕೊನೆಯ ಸ್ಟಾಪಿಗೆ ತಡವಾಗಿ ಮುಟ್ಟಲಿಲ್ಲ. ನಿವೃತ್ತಿಯ ದಿನ ಮ್ಯಾನೇಜರು ಅವನ ಕೈಗೆ ಒಂದು ಹಿತ್ತಾಳೆ ಫಲಕ ಕೊಟ್ಟು, ಸಮಯಪಾಲನೆ ಅಂದರೆ ಏನೆಂದು ಇವರನ್ನು ನೋಡಿ ಕಲಿಯಬೇಕು ಅಂತ ಭಾಷಣ ಬಿಗಿದರು. ಹೇಗೆ ಪಾಲಿಸಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಫಲಕವನ್ನು ಅಲ್ಲೇ ಕಿತ್ತುಕೊಳ್ಳಬೇಕಾಗುತ್ತಿತ್ತು.

ಗುಟ್ಟು ಇಷ್ಟೇ: ಅವನು ಮುದುಕರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ.

ಒಬ್ಬರನ್ನೂ ಹತ್ತಿಸಿಕೊಳ್ಳುತ್ತಿರಲಿಲ್ಲ ಎಂದರೆ ತಪ್ಪಾದೀತು. ಟೈಮು ಮಿಕ್ಕಿದ್ದರೆ ಹತ್ತಿಸಿಕೊಳ್ಳುತ್ತಿದ್ದ. ಆದರೆ ಊರೊಳಗಿನ ಬಸ್ಸಿಗೆ ಟೈಮು ಮಿಗುವುದು ಬೋಳುತಲೆಗೆ ಬಾಚಣಿಗೆ ಸಿಕ್ಕಷ್ಟೇ ಅಪರೂಪ. ಆದ್ದರಿಂದ ಸ್ಟಾಪಿನಲ್ಲಿ ಯಾರು ನಿಂತಿದ್ದಾರೆಂದು ದೂರದಿಂದಲೇ ನೋಡಿ ತೂಕ ಹಾಕುತ್ತಿದ್ದ. ಕೋಲು ಹಿಡಿದವರಿಗೆ ಒಂದು ನಿಮಿಷ. ಎರಡು ಕೈಚೀಲ ಹಿಡಿದ ಮುದುಕಿಗೆ ಒಂದೂಕಾಲು. ಒಬ್ಬರನ್ನೊಬ್ಬರು ಹಿಡಿದು ಹತ್ತಿಸುವ ಗಂಡಹೆಂಡತಿಗೆ ಎರಡು, ಯಾರು ಮೊದಲು ಎಂದು ಅವರಲ್ಲೇ ಜಗಳ ಹತ್ತಿದರೆ ಮೂರು. ಲೆಕ್ಕ ಕೂಡದಿದ್ದರೆ ಸ್ಟಾಪಿಗಿಂತ ಮೂವತ್ತು ಅಡಿ ಮುಂದೆ ಬಸ್ಸು ನಿಲ್ಲಿಸುವುದು. ಕಾಲಲ್ಲಿ ಕಸುವಿದ್ದವರು ಓಡಿಬಂದು ಹತ್ತುತ್ತಾರೆ, ಇಲ್ಲದವರು ಅರ್ಧ ದಾರಿ ಬರುವಷ್ಟರಲ್ಲಿ ಗೇರು. ಅದೂ ಸಾಲದಿದ್ದರೆ ಕಿಟಕಿಯಿಂದ ಕೈ ಹೊರಗೆ ಹಾಕಿ ಹೆಬ್ಬೆರಳನ್ನು ಹಿಂದಕ್ಕೆ ತೋರಿಸುವುದು: ಹಿಂದೆ ಖಾಲಿ ಬಸ್ಸು ಬರ್ತಿದೆ, ಆರಾಮಾಗಿ ಬನ್ನಿ. ಹಿಂದೆ ಯಾವ ಬಸ್ಸೂ ಇರುತ್ತಿರಲಿಲ್ಲ. ಈ ಹೆಬ್ಬೆರಳಿನ ಸನ್ನೆ ಬಿರುಗಾಳಿಯ ಸ್ವಂತ ಆವಿಷ್ಕಾರ. ಕೆಲಸ ಕಲಿಯಲು ಬಂದ ಹೊಸಬರಿಗೆಲ್ಲ ಅದನ್ನು ಅವನು ಧಾರಾಳವಾಗಿ ಹೇಳಿಕೊಟ್ಟಿದ್ದ.

ಎಪ್ಪತ್ತೊಂದನೇ ವಯಸ್ಸಿಗೆ ಅವನ ಮೊಣಕಾಲು ಕೈಕೊಟ್ಟವು. ಕೂತರೆ ಏಳಲು ಬಿಡವು, ಎದ್ದರೆ ಕೂರಲು ಬಿಡವು. ಒಂದು ಬೆಳಗ್ಗೆ ಡಾಕ್ಟರಿಗೆ ತೋರಿಸಲು ಹೊರಟು, ಹೆಂಡತಿ ಕೈಗೆ ತುರುಕಿದ ಕೋಲನ್ನು ಬೇಕಾಗಿಲ್ಲ ಎಂಬಂತೆ ಬೆನ್ನ ಹಿಂದೆ ಹಿಡಿದು ಸ್ಟಾಪಿನಲ್ಲಿ ನಿಂತ. ಬಸ್ಸು ಬಂತು. ಬಂದದ್ದು ಅವನನ್ನು ದಾಟಿ ಮೂವತ್ತು ಅಡಿ ಮುಂದೆ ಹೋಗಿ ನಿಂತಿತು.

ಬಿರುಗಾಳಿ ಕೋಲು ಊರಿಕೊಂಡು ಹೆಜ್ಜೆ ಹಾಕಿದ. ಹದಿನೈದು ಅಡಿ ನಡೆದಿರಬೇಕು, ಕಿಟಕಿಯಿಂದ ಒಂದು ಕೈ ಹೊರಬಂದು ಹೆಬ್ಬೆರಳು ಹಿಂದಕ್ಕೆ ತೋರಿಸಿತು. ಆ ಸನ್ನೆ ಕಂಡುಹಿಡಿದವನು ತಾನೇ ಎಂಬುದನ್ನೂ ಮರೆತು ಬಿರುಗಾಳಿ ತಿರುಗಿ ನೋಡಿದ. ಹಿಂದೆ ಒಂದು ನಾಯಿ ಬಿಟ್ಟರೆ ಏನೂ ಇರಲಿಲ್ಲ. ಮತ್ತೆ ಮುಂದೆ ನೋಡಿದಾಗ ಬಸ್ಸು ಹೊರಟಿತ್ತು, ಪಕ್ಕದ ಕನ್ನಡಿಯಲ್ಲಿ ಡ್ರೈವರನ ಮುಖ ಒಂದು ಗಳಿಗೆ ಮಿಂಚಿ ಮಾಯವಾಯಿತು. ಗುರುತು ಸಿಗದಿರಲು ಸಾಧ್ಯವೇ ಇರಲಿಲ್ಲ. ಅವನ ಕೈಕೆಳಗೆ ಎಂಟು ತಿಂಗಳು ಪಳಗಿದ ಹುಡುಗ. ಈಗ ಅವನಿಗೂ ತಲೆ ನರೆತಿತ್ತು. ಡಿಪೋದಲ್ಲಿ ಅವನನ್ನು ಮರಿಗಾಳಿ ಎನ್ನುತ್ತಿದ್ದರು.

ಮೊದಲು ಬಿರುಗಾಳಿಯ ಮೈಯೆಲ್ಲ ಉರಿದುಹೋಯಿತು. ಆಮೇಲೆ, ಹಾಳು ಕಸುಬಿನ ಅಭ್ಯಾಸ, ಕ್ಲಚ್ಚು ಬಿಟ್ಟ ರೀತಿ ಪರವಾಗಿಲ್ಲ ಅನ್ನಿಸಿತು. ಅದಕ್ಕೆ ಇನ್ನಷ್ಟು ಉರಿಯಿತು.

ಮಾರನೆಯ ದಿನ ಆಟೋ ಹಿಡಿದು ಡಿಪೋಗೆ ಹೋದ. ಫಲಕ ಕೊಟ್ಟ ಮ್ಯಾನೇಜರೇ ಇನ್ನೂ ಅದೇ ಕುರ್ಚಿಯಲ್ಲಿದ್ದರು. ಬಿರುಗಾಳಿ ದೂರು ಹೇಳಿದ್ದನ್ನು ಅವರು ತಲೆಯಾಡಿಸುತ್ತ ಕೇಳಿದರು.

“ಏನ್ರೀ ಬಿರುಗಾಳಿ, ನೀವೇ ಹೀಗಂದ್ರೆ ಹೇಗೆ? ಆ ಹುಡುಗ ಒಂದು ದಿನ ಲೇಟ್ ಬಂದವನಲ್ಲ.”

“ಅದೇ ನನ್ನ ದೂರು ಸರ್.”

ಮ್ಯಾನೇಜರಿಗೆ ಅರ್ಥವಾಗಲಿಲ್ಲ. ಆದರೆ ಬಂದವರನ್ನು ಬೇರೆ ಕೋಣೆಗೆ ಸಾಗಹಾಕುವುದರಲ್ಲಿ ಅವರು ನುರಿತವರು. “ಹಿಂದಗಡೆ ಟೈರ್ ಗೋಡೌನಲ್ಲಿ ಒಬ್ಬ ಎಂಜಿನಿಯರ್ ಹುಡುಗಿ ಕೂತಿದ್ದಾಳೆ. ವಯಸ್ಸಾದವರಿಗೆ ಬಸ್ಸು ಹೇಗಿರಬೇಕು ಅಂತ ಏನೇನೋ ಮಾಡ್ತಿದ್ದಾಳೆ. ಮುದುಕರು ಬೇಕು ಮುದುಕರು ಬೇಕು ಅಂತ ದಿನಾ ನನ್ನ ಜೀವ ತಿಂತಾಳೆ. ಹೋಗಿ ಕೂತ್ಕೊಳ್ಳಿ. ಬಿಸ್ಕತ್ತು ಕೊಡ್ತಾಳೆ.”

ಗೋಡೌನಿನಲ್ಲಿ ಪ್ಲೈವುಡ್ಡಿನ ಒಂದು ಅರ್ಧ ಬಸ್ಸು ನಿಂತಿತ್ತು. ಬಾಗಿಲು, ಮೂರು ಮೆಟ್ಟಿಲು, ಆರು ಸೀಟು, ಮುಂದೆ ಡ್ರೈವರನ ಜಾಗ. ಚಕ್ರದ ಬದಲು ಇಟ್ಟಿಗೆ. ಅದರ ಎದುರು ಏಳೆಂಟು ಮುದುಕ ಮುದುಕಿಯರು ಮದುವೆಗೆ ಬೇಗ ಬಂದ ನೆಂಟರ ಹಾಗೆ ಸಾಲಾಗಿ ಕೂತಿದ್ದರು. ಮೂವತ್ತರ ಆಸುಪಾಸಿನ ಹುಡುಗಿ, ಜೇಬಿನ ತುಂಬ ಪೆನ್ನು, ಒಬ್ಬೊಬ್ಬರಿಗೂ ಒಂದು ಫೋನು ತೋರಿಸುತ್ತಿದ್ದಳು. ಸ್ಟಾಪಿಗೆ ಬರುವ ಹತ್ತು ನಿಮಿಷ ಮುಂಚೆ ಈ ಫೋನಿನಲ್ಲಿ ಒತ್ತಿದರೆ ಡ್ರೈವರಿಗೆ ಸುದ್ದಿ ಹೋಗುತ್ತದೆ, ಅಕ್ಷರ ದೊಡ್ಡದಾಗಿದೆ, ಓದಲು ಸುಲಭವೇ?

“ತುಂಬಾ ಚೆನ್ನಾಗಿದೆ ಮಗಳೇ,” ಎಂದಳು ಮೊದಲನೆಯ ಮುದುಕಿ, ಫೋನನ್ನು ತಲೆಕೆಳಗಾಗಿ ಹಿಡಿದು.

“ಬಹಳ ಒಳ್ಳೇದಾಯ್ತಮ್ಮ,” ಎಂದ ಎರಡನೆಯವನು, ಬಿಸ್ಕತ್ತಿನ ಕಡೆ ನೋಡುತ್ತ.

ಹುಡುಗಿ ಎರಡನ್ನೂ ಬರೆದುಕೊಂಡಳು. ಫೋನು ಬಿರುಗಾಳಿಯ ಕೈಗೆ ಬಂತು. ಅಕ್ಷರ ಎಷ್ಟು ದೊಡ್ಡದಿತ್ತೆಂದರೆ ಪರದೆಯಲ್ಲಿ ಒಂದೇ ಪದ ಹಿಡಿಸುತ್ತಿತ್ತು. ‘ನಾನು’ ಎಂದಿತ್ತು. ಬೆರಳಲ್ಲಿ ತಳ್ಳಿದ, ‘ಬಸ್ಸಿಗಾಗಿ’ ಬಂತು. ಮತ್ತೆ ತಳ್ಳಿದ, ಮತ್ತೆ ‘ನಾನು’ ಬಂತು.

“ಇದನ್ನ ಓದಿ ಮುಗಿಸೋಷ್ಟರಲ್ಲಿ ಬಸ್ಸು ಹೋಗೋದಲ್ಲ, ಡ್ರೈವರು ರಿಟೈರೇ ಆಗಿರ್ತಾನೆ,” ಎಂದ.

ಸಾಲಿನಲ್ಲಿ ಕೂತವರೆಲ್ಲ ಬಾಯಲ್ಲಿದ್ದ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದರು. ಹುಡುಗಿ ಅವನನ್ನು ನೋಡಿದಳು. ಸಿಟ್ಟಾಗುತ್ತಾಳೆಂದು ಅವನು ಕಾದ. ಅವಳು ತನ್ನ ಕುರ್ಚಿ ಎಳೆದುಕೊಂಡು ಬಂದು ಅವನ ಎದುರಿಗೇ ಕೂತಳು.

“ನಾಲ್ಕು ತಿಂಗಳಿಂದ ಒಬ್ಬರಾದರೂ ಬೈಲಿ ಅಂತ ಕಾಯ್ತಿದ್ದೆ. ಇನ್ನೂ ಹೇಳಿ ತಾತ.”

“ತಾತ ಅಂದ್ರೆ ಈಗ್ಲೇ ಎದ್ದು ಹೋಗ್ತೀನಿ.”

“ಮತ್ತೇನನ್ಲಿ?”

“ಡ್ರೈವರ್ ಅನ್ನಮ್ಮ. ಅದೇ ತಾನೆ ನಾನು.”

ಹೀಗೆ ಬಿರುಗಾಳಿಗೆ ವಾರಕ್ಕೆ ಮೂರು ದಿನದ ಕೆಲಸ ಸಿಕ್ಕಿತು. ಕೆಲಸ ಅಂದರೆ ಕೆಡಿಸುವುದು. ಹುಡುಗಿ ಒಂದು ಯಂತ್ರ ಮಾಡುವಳು, ಬಿರುಗಾಳಿ ಪ್ಲೈವುಡ್ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂತು, ನಿಜವಾದ ಡ್ರೈವರ್ ಅದಕ್ಕೆ ಹೇಗೆ ಟೋಪಿ ಹಾಕುತ್ತಾನೆಂದು ತೋರಿಸುವನು.

ಫೋನು ಮೂಲೆ ಸೇರಿತು. ಅದರ ಬದಲು ಸ್ಟಾಪಿನ ಕಂಬಕ್ಕೇ ಒಂದು ಗುಂಡಿ. ಮುದುಕರು ಅದನ್ನು ಒತ್ತಿದರೆ ಬರುವ ಬಸ್ಸಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿ ಗಂಟೆ ಹೊಡೆಯುತ್ತದೆ. ಬಿರುಗಾಳಿ ದೀಪದ ಮೇಲೆ ಒಂದು ಚೂರು ಟೇಪು ಅಂಟಿಸಿದ, ಗಂಟೆಯ ತೂತಿಗೆ ಹತ್ತಿ ತುರುಕಿದ. ಅರ್ಧ ನಿಮಿಷ ಹಿಡಿಯಿತು. “ಎರಡೇ ದಿನದಲ್ಲಿ ಎಲ್ಲಾ ಬಸ್ಸಲ್ಲೂ ಹತ್ತಿ ಇರುತ್ತೆ ನೋಡು,” ಎಂದ.

ಹದಿನೈದು ದಿನ ಬಿಟ್ಟು ಇನ್ನೊಂದು ಬಂತು. ಹತ್ತಿದವರು ಸೀಟಿನಲ್ಲಿ ಕೂರುವವರೆಗೂ ಬ್ರೇಕು ಬಿಟ್ಟುಕೊಡುವುದಿಲ್ಲ. ಮುಂದಿನ ಸೀಟಿನ ಅಡಿಯಲ್ಲಿ ತೂಕ ಕಂಡುಹಿಡಿಯುವ ತಗಡು. ಹುಡುಗಿ ಕೈಕಟ್ಟಿ ನಿಂತು, ಈಗ ಏನು ಮಾಡ್ತೀರಿ ಎಂಬಂತೆ ನೋಡಿದಳು. ಬಿರುಗಾಳಿ ಎದ್ದು ಹೋಗಿ ಗೋಡೌನಿನಿಂದ ಒಂದು ಹಳೇ ಟೈರು ಉರುಳಿಸಿಕೊಂಡು ಬಂದು ಸೀಟಿನ ಮೇಲೆ ಕೂರಿಸಿದ. ಬ್ರೇಕು ಟಕ್ಕೆಂದು ಬಿಟ್ಟಿತು.

“ಡ್ರೈವರ್ ಸರ್, ನಿಮ್ಮೋರು ಇಷ್ಟು ಕೆಟ್ಟವರಾ?” ಅವಳ ದನಿ ಸೋತಿತ್ತು.

“ಕೆಟ್ಟೋರೂ ಇರ್ತಾರೆ,” ಎಂದ ಬಿರುಗಾಳಿ, ಟೈರು ಒರಸುತ್ತ.

ಅವಳಿಗೆ ಹತ್ತುವವರ ಕಡೆಯಿಂದಲೂ ಇಂಥ ಒಬ್ಬರು ಬೇಕಿತ್ತು, ಮುಲಾಜಿಲ್ಲದೆ ಮಾತಾಡುವವರು. ಬಿರುಗಾಳಿ ತನ್ನ ಅಕ್ಕನನ್ನು ಕರೆತಂದ. ಆಮೇಲೆ ಯಾಕಾದರೂ ಕರೆತಂದೆನೋ ಅಂದುಕೊಂಡ.

ಅಕ್ಕನಿಗೆ ಎಪ್ಪತ್ತೇಳು. ಮೂವತ್ತಮೂರು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವಳು. ಬೇಡವಾದವರ ಮಾತನ್ನು ನಡುವೆಯೇ ಕತ್ತರಿಸುವ ಅಭ್ಯಾಸ ಅಲ್ಲಿಂದ ಬಂದದ್ದು, ನಿವೃತ್ತಿಯಾದ ಮೇಲೂ ಹೋಗಲಿಲ್ಲ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯ ಮುಂದಿನ ಕೋಣೆ ಅವಳದಾಗಿತ್ತು. ಅಲ್ಲಿ ಕೂತರೆ ಬೀದಿಯಲ್ಲಿ ಹೋಗುವವರೆಲ್ಲ ಕಾಣುತ್ತಿದ್ದರು, ಅವರೆಲ್ಲರ ಬಗ್ಗೆಯೂ ಅವಳಿಗೆ ಒಂದೊಂದು ಅಭಿಪ್ರಾಯವಿತ್ತು.

ಕಂಬದ ಗುಂಡಿಯ ಮೇಲೆ ಒಂದು ಚಿತ್ರವಿತ್ತು. ಕೋಲು ಹಿಡಿದು ಸೊಂಟ ಬಗ್ಗಿಸಿದ ಆಕೃತಿ. ಅಕ್ಕ ಕನ್ನಡಕ ಏರಿಸಿ ಅದನ್ನು ನೋಡಿದಳು.

“ಇವನ್ಯಾರು? ಸೂಜಿ ಕಳ್ಕೊಂಡು ಹುಡುಕ್ತಿದ್ದಾನಾ?”

“ಅದು... ವಯಸ್ಸಾದವರು ಅಂತ ಅಮ್ಮ,” ಎಂದಳು ಹುಡುಗಿ.

“ನಾನು ಹೀಗಿದ್ದೀನಾ?”

“ಇಲ್ಲಮ್ಮ.”

“ನಾನು ಮಾತ್ರ ಅಲ್ಲ ಕಣೇ, ಯಾರೂ ಒತ್ತಲ್ಲ ಇದನ್ನ. ಇದನ್ನ ಒತ್ತೋದು ಅಂದ್ರೆ ಬೀದೀಲಿ ನಿಂತು, ನೋಡ್ರಪ್ಪಾ ನಾನು ಮುದುಕಿ, ಅಂತ ಕೂಗಿದ ಹಾಗೆ. ಪಕ್ಕದಲ್ಲಿ ಗುರುತಿನೋರು ನಿಂತಿದ್ರಂತೂ ಸತ್ರೂ ಒತ್ತಲ್ಲ. ನನ್ನ ಈ ತಮ್ಮ ಇದಾನಲ್ಲ, ಕೋಲನ್ನ ಬೆನ್ನ ಹಿಂದೆ ಬಚ್ಚಿಟ್ಕೊಂಡು ತಿರುಗ್ತಾನೆ. ಇವನು ಒತ್ತುತಾನಾ ಕೇಳು.”

ಬಿರುಗಾಳಿ ಮಾಡಿನ ಕಡೆ ನೋಡಿದ.

“ಹಾಗಾದ್ರೆ ಏನು ಬರೀಲಿ?”

“ತಡಿ ಅಂತ ಬರಿ. ಅಷ್ಟೇ. ಬಸ್ಸು ಹೋಗಿಬಿಡುತ್ತೆ ಅಂದ್ರೆ ಯಾರಾದ್ರೂ ಕೂಗೋದು ಅದನ್ನೇ ತಾನೆ? ಬಸುರಿ ಒತ್ತಲಿ, ಮೂಟೆ ಹೊತ್ತವನು ಒತ್ತಲಿ, ಕಾಲು ಉಳುಕಿದವನು ಒತ್ತಲಿ. ಗುಂಪಲ್ಲಿ ನಾನೂ ಒತ್ತುತೀನಿ.”

ಹುಡುಗಿ ಚಿತ್ರವನ್ನು ಅಲ್ಲೇ ಕಿತ್ತು ಬಿಸಾಕಿದಳು. ಆಮೇಲೆ ಕೈಗಡಿಯಾರ ಹಿಡಿದು ಅಕ್ಕನನ್ನು ಕಂಬದಿಂದ ಸೀಟಿನವರೆಗೆ ನಡೆಸಿದಳು, ಮೂರು ಸಲ. ಕೊನೆಯ ಮೆಟ್ಟಿಲಿನ ಹತ್ತಿರ ಹಿಡಿಯಲು ಕಂಬಿ ಇಲ್ಲ, ಅಲ್ಲಿ ಕೈ ಗಾಳಿಯಲ್ಲಿ ತಡಕಾಡುತ್ತದೆ ಎಂಬುದು ಮೊದಲ ಸಲವೇ ಗೊತ್ತಾಯಿತು. ಮೂರು ಸಲವೂ ಮೂವತ್ತೆಂಟು, ಮೂವತ್ತೊಂಬತ್ತು ಸೆಕೆಂಡಿನ ಸುತ್ತ ಬಂತು. ಅಕ್ಕ ಸೀಟಿನಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದಾಗ ಹುಡುಗಿ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಅವಳಿಗೂ ಕೇಳಿದಳು: ಬಸ್ಸಿನಲ್ಲಿ ನಿಮಗೆ ಆದ ಅತಿ ಕೆಟ್ಟ ಅನುಭವ ಯಾವುದು?

ಡ್ರೈವರ್ ಸೀಟಿನಲ್ಲಿದ್ದ ಬಿರುಗಾಳಿ ಮುಖ ಮುಂದಕ್ಕೆ ತಿರುಗಿಸಿಕೊಂಡ. ಆ ಕಥೆ ಅವನಿಗೆ ಬಾಯಿಪಾಠ. ವಾರಕ್ಕೊಮ್ಮೆಯಾದರೂ ಮನೆಯಲ್ಲಿ ಕೇಳುತ್ತಿದ್ದ.

“ಹದಿನಾಲ್ಕು ವರ್ಷದ ಹಿಂದೆ,” ಎಂದು ಅಕ್ಕ ಶುರುಮಾಡಿದಳು. “ಕೈ ಮುರಿದು ಪ್ಲಾಸ್ಟರ್ ಹಾಕಿದ್ರು. ಅವತ್ತು ಬಿಚ್ಚಿಸೋಕೆ ಆಸ್ಪತ್ರೆಗೆ ಹೊರಟಿದ್ದೆ. ಸ್ಟಾಪಲ್ಲಿ ನಾನೊಬ್ಬಳೇ. ಬಸ್ಸು ಬಂತು, ನಿಧಾನ ಆಯ್ತು. ಗಾಜಿನ ಮೇಲೆ ಬಿಸಿಲು, ಮುಖ ಕಾಣ್ಲಿಲ್ಲ, ಆದ್ರೆ ಡ್ರೈವರು ನನ್ನ ನೋಡಿದ, ಅದು ಗೊತ್ತಾಯ್ತು. ನೋಡಿ ಗೇರು ಹಾಕ್ಕೊಂಡು ಹೋದ. ಬಿಸಿಲಲ್ಲಿ ನಡ್ಕೊಂಡು ಹೋದೆ, ಮುಟ್ಟೋಷ್ಟರಲ್ಲಿ ಡಾಕ್ಟರು ಎದ್ದು ಹೋಗಿದ್ರು. ಇನ್ನೂ ಒಂದು ವಾರ ಆ ಸುಣ್ಣದ ಕೈ ಹೊತ್ತು ತಿರುಗಿದೆ. ಇವನದೇ ರೂಟು, ಇವನದೇ ಬಸ್ಸು. ಕೇಳಿದ್ರೆ, ಅವತ್ತು ನನ್ನ ಡ್ಯೂಟಿ ಇರಲಿಲ್ಲ ಅಕ್ಕ, ಬೇರೆಯವನು ಬಂದಿದ್ದ, ಅಂತಾನೆ.”

ಹುಡುಗಿ ಬರೆಯುವುದನ್ನು ನಿಲ್ಲಿಸಿ ಬಿರುಗಾಳಿಯ ಕಡೆ ನೋಡಿದಳು. ಮೂರು ತಿಂಗಳಿಂದ ಡ್ರೈವರ ಕಳ್ಳಾಟಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಅವಳ ಮುಂದಿಟ್ಟಿದ್ದ. ಇವೆಲ್ಲ ನಿಮಗೆ ಹೇಗೆ ಗೊತ್ತು ಎಂದು ಅವಳು ಒಂದು ಸಲವೂ ಕೇಳಿರಲಿಲ್ಲ. ಈಗಲೂ ಕೇಳಲಿಲ್ಲ. ಬಿರುಗಾಳಿ ಡ್ರೈವರ್ ಸೀಟಿನಲ್ಲಿ ಕೂತಿದ್ದ, ಇಳಿದು ಓಡಲು ಮೊಣಕಾಲು ಒಪ್ಪುತ್ತಿರಲಿಲ್ಲ. ಅಕ್ಕನಿಗೆ ಬೆನ್ನು ಮಾಡಿಯೇ ಹೇಳಿದ.

“ಅವತ್ತು ನನ್ನದೇ ಡ್ಯೂಟಿ ಅಕ್ಕ.”

ಹುಡುಗಿ ಪೆನ್ನಿಗೆ ಮುಚ್ಚಳ ಹಾಕಿದಳು.

“ಎರಡು ನಿಮಿಷ ಲೇಟಿದ್ದೆ. ನಿನ್ನ ನೋಡಿದೆ. ಕೈಗೆ ಪ್ಲಾಸ್ಟರು, ಇನ್ನೊಂದು ಕೈಯಲ್ಲಿ ಚೀಲ. ಹತ್ತೋಕೆ ಎಷ್ಟು ಹೊತ್ತಾಗುತ್ತೆ ಅಂತ ಮನಸ್ಸಲ್ಲೇ ಎಣಿಸಿದೆ. ಕಾಲು ತಾನಾಗೇ ಕ್ಲಚ್ ಒತ್ತಿಬಿಡ್ತು.”

ಅಕ್ಕ ಸುಮ್ಮನೆ ಕೂತಳು. ಅವಳು ಸುಮ್ಮನಿರುವುದನ್ನು ಬಿರುಗಾಳಿ ಭಾವ ಸತ್ತ ದಿನ ನೋಡಿದ್ದ, ಆಮೇಲೆ ಈಗಲೇ.

“ಎಷ್ಟು ಎಣಿಸಿದ್ದೆ?” ಎಂದು ಕಡೆಗೆ ಕೇಳಿದಳು.

“ಒಂದೂವರೆ ನಿಮಿಷ.”

“ಮೂವತ್ತೆಂಟು ಸೆಕೆಂಡು ಕಣೋ ದರಿದ್ರದವನೇ. ಈಗ ತಾನೆ ಈ ಹುಡುಗಿ ಗಡಿಯಾರ ಹಿಡಿದು ನೋಡಿದಳು. ಆಗ ನನಗೆ ಅರವತ್ಮೂರು. ಕೈ ಮುರಿದಿತ್ತು, ಕಾಲು ನೆಟ್ಟಗಿತ್ತು. ಮೂವತ್ತೂ ಬೇಡವಾಗಿತ್ತು ನನಗೆ.”

ಅಷ್ಟು ಹೇಳಿ ಎದ್ದು, ಕಂಬಿಯಿಲ್ಲದ ಮೆಟ್ಟಿಲನ್ನು ಒಬ್ಬಳೇ ಇಳಿದು, ಹೊರಗೆ ಹೋಗಿ ಆಟೋದಲ್ಲಿ ಕೂತಳು.

ನಾಲ್ಕು ದಿನ ಅವನೊಂದಿಗೆ ಮಾತು ಬಿಟ್ಟಳು. ಒಂದೇ ಮನೆ, ಒಂದೇ ಊಟದ ಮೇಜು. “ನಿನ್ನ ಗಂಡನಿಗೆ ಉಪ್ಪು ಈ ಕಡೆ ಸರಿಸೋಕೆ ಹೇಳು” ಎಂದು ನಾದಿನಿಯ ಮೂಲಕ ವ್ಯವಹಾರ. ಬಿರುಗಾಳಿಯ ಹೆಂಡತಿ ಮೊದಲ ದಿನ ಇಬ್ಬರ ಮಾತನ್ನೂ ಆಚೀಚೆ ಸಾಗಿಸಿದಳು. ಎರಡನೆಯ ದಿನಕ್ಕೆ, “ನಾನೇನು ಪೋಸ್ಟಾಫೀಸಾ?” ಎಂದು ಉಪ್ಪಿನ ಡಬ್ಬಿಯನ್ನು ಮೇಜಿನ ನಟ್ಟನಡುವೆ ಕುಕ್ಕಿ ಕೈತೊಳೆದುಕೊಂಡಳು.

ಬಿರುಗಾಳಿಗೆ ಆ ನಾಲ್ಕು ದಿನವೂ ಒಂದೇ ಯೋಚನೆ. ಒಂದೂವರೆ ನಿಮಿಷ ಎಂದು ಎಣಿಸಿದ್ದು ಹೇಗೆ? ಅವನ ಕಣ್ಣು ಅಷ್ಟು ತಪ್ಪುವುದಲ್ಲ. ಹೆದರಿಕೆ ಅಷ್ಟು ಮಾಡಿ ತೋರಿಸಿತ್ತು. ಡಿಪೋದ ಕಂಟ್ರೋಲ್ ರೂಮಿನಲ್ಲಿ ಒಂದು ಪರದೆ. ತಡವಾದ ಬಸ್ಸಿನ ನಂಬರು ಅದರಲ್ಲಿ ಕೆಂಪಾಗುತ್ತದೆ. ವಾರದಲ್ಲಿ ಮೂರು ಸಲ ಕೆಂಪಾದರೆ ಮ್ಯಾನೇಜರ ಮುಂದೆ ನಿಂತು ಕಾರಣ ಕೊಡಬೇಕು. ಟ್ರಾಫಿಕ್ ಎಂದರೆ ಒಪ್ಪುತ್ತಾರೆ, ಟೈರು ಪಂಕ್ಚರ್ ಎಂದರೆ ಒಪ್ಪುತ್ತಾರೆ. ಮುದುಕಿ ಹತ್ತುತ್ತಿದ್ದಳು ಎಂಬ ಕಾರಣವನ್ನು ಅವನ ಸರ್ವೀಸಿನಲ್ಲಿ ಯಾರೂ ಕೊಟ್ಟದ್ದಿಲ್ಲ. ಅಂಥ ಕಾರಣಕ್ಕೆ ಆ ಫಾರಮ್ಮಿನಲ್ಲಿ ಜಾಗವೇ ಇರಲಿಲ್ಲ.

ಐದನೆಯ ದಿನ ಗೋಡೌನಿಗೆ ಹೋಗಿ ಹುಡುಗಿಗೆ ಹೇಳಿದ. “ನೀನು ಡ್ರೈವರನ್ನ ಕಟ್ಟಿಹಾಕೋಕೆ ನೋಡ್ತಿದ್ದೀಯ. ಕಟ್ಟಿದ್ದನ್ನೆಲ್ಲ ಬಿಚ್ಚೋದು ಅವನಿಗೆ ಗೊತ್ತು. ಅವನನ್ನ ಬಿಡು. ಗಡಿಯಾರವನ್ನ ಹಿಡಿ. ಗುಂಡಿ ಒತ್ತಿದ ತಕ್ಷಣ ಆ ಬಸ್ಸಿಗೆ ನಲವತ್ತು ಸೆಕೆಂಡು ಕೊಟ್ಟುಬಿಡು. ಕಂಟ್ರೋಲ್ ರೂಮಲ್ಲಿ ಅಷ್ಟು ಟೈಮು ತಾನಾಗೇ ಮಾಫಿ ಆಗ್ಲಿ.”

ಅವಳು ಪೆನ್ನಿನ ತುದಿ ಕಚ್ಚಿಕೊಂಡು ಕೂತಳು. “ಇದರಲ್ಲಿ ಯಂತ್ರವೇ ಇಲ್ವಲ್ಲ ಡ್ರೈವರ್ ಸರ್. ಒಂದು ಗುಂಡಿ, ಒಂದು ಕೂಡಿಸೋ ಲೆಕ್ಕ.”

“ಬೇಜಾರಾ?”

“ಏಳು ತಿಂಗಳು ಸೆನ್ಸರ್ ಅಂತ ಒದ್ದಾಡಿದೀನಿ. ಸ್ವಲ್ಪ ಬೇಜಾರಾಗೋಕೆ ಬಿಡಿ,” ಎಂದು ನಕ್ಕಳು.

ಇಬ್ಬರೂ ಮ್ಯಾನೇಜರ ಹತ್ತಿರ ಹೋದರು. ಮ್ಯಾನೇಜರು ಕೇಳಿ ಹೌಹಾರಿದರು. ಟೈಮು ಅಂದರೆ ಟೈಮು, ಅದನ್ನು ಹೀಗೆ ಕಂಬಕ್ಕೆ ಕಟ್ಟಿ ಹಂಚಲಾಗುತ್ತದೆಯೇ? “ನೀವೇ ಹೇಳಿ ಬಿರುಗಾಳಿ, ಇಪ್ಪತ್ತೊಂಬತ್ತು ವರ್ಷ ನೀವು ಹೇಗೆ ಟೈಮಿಗೆ ಸರಿಯಾಗಿ ಬಂದ್ರಿ?”

ಕಡೆಗೂ ಯಾರೋ ಕೇಳಿದರು. ಬಿರುಗಾಳಿ ಕುರ್ಚಿ ಎಳೆದುಕೊಂಡು ಕೂತು ಹೇಳಿದ. ಕೋಲು, ಕೈಚೀಲ, ಮೂವತ್ತು ಅಡಿ, ಹೆಬ್ಬೆರಳು, ಒಂದನ್ನೂ ಬಿಡಲಿಲ್ಲ. ತಾನು ಕಲಿಸಿದವರ ಪಟ್ಟಿಯನ್ನೂ ಕೊಟ್ಟ. ಕೇಳುತ್ತ ಕೇಳುತ್ತ ಮ್ಯಾನೇಜರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಈ ಪುಣ್ಯಾತ್ಮನನ್ನು ಹೊಗಳಿ ತಾವು ಮಾಡಿದ ಭಾಷಣ ಅವರಿಗೆ ನೆನಪಾಗಿರಬೇಕು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

“ಇದನ್ನ ಬೇರೆ ಯಾರ ಹತ್ರಾನೂ ಹೇಳಿಲ್ಲ ತಾನೆ?”

“ಸದ್ಯಕ್ಕಿಲ್ಲ ಸರ್.”

ಒಂದು ರೂಟಿನಲ್ಲಿ, ಮೂರು ತಿಂಗಳ ಮಟ್ಟಿಗೆ, ಎಂದು ಅಪ್ಪಣೆಯಾಯಿತು. ಬೇಕೆಂದೇ ಬಿರುಗಾಳಿ ಮರಿಗಾಳಿಯ ರೂಟನ್ನು ಆರಿಸಿದ.

ಮೊದಲ ವಾರ ಯಾರೂ ಒತ್ತಲಿಲ್ಲ. ಎರಡನೆಯ ವಾರ ಅಕ್ಕ ಸ್ಟಾಪಿನಲ್ಲಿ ನಿಂತು, ಬಂದವರಿಗೆಲ್ಲ ಟೆಲಿಫೋನಿನ ದನಿಯಲ್ಲಿ ವಿವರಿಸಿದಳು. (ಅಷ್ಟು ಹೊತ್ತಿಗೆ ತಮ್ಮನ ಜೊತೆ ಮಾತು ಶುರುವಾಗಿತ್ತು. “ಕ್ಷಮಿಸಿಲ್ಲ, ಬೈಯೋಕಾದ್ರೂ ಮಾತಾಡಬೇಕಲ್ಲ” ಎಂಬುದು ಅವಳ ಸಮಜಾಯಿಷಿ.) ಮೂರನೆಯ ವಾರದಿಂದ ಗುಂಡಿಗೆ ಪುರುಸೊತ್ತಿರಲಿಲ್ಲ. ಮುದುಕರಲ್ಲದವರೂ ಒತ್ತಿದರು. ಡ್ರೈವರುಗಳು ಟೇಪು ಅಂಟಿಸಲಿಲ್ಲ, ಹತ್ತಿ ತುರುಕಲಿಲ್ಲ. ಹುಡುಗಿ ಕುಣಿದಾಡಿದಳು. ಬಿರುಗಾಳಿ ಮಾತ್ರ, ತಡಿ ತಡಿ, ಇನ್ನೂ ಕಳ್ಳರು ಎದ್ದಿಲ್ಲ, ಎಂದ.

ಆರನೆಯ ವಾರ ಎದ್ದರು. ಹುಡುಗಿ ಒಂದು ಮಧ್ಯಾಹ್ನ ಕಾಗದ ಹಿಡಿದು ಓಡಿಬಂದಳು. ಮಾರ್ಕೆಟ್ ಸ್ಟಾಪಿನ ಗುಂಡಿ ಒಂದೇ ಬಸ್ಸಿಗೆ ಒಂಬತ್ತು ಸಲ ಒತ್ತಲ್ಪಟ್ಟಿದೆ. ಒಂದೇ ಬಸ್ಸಿಗೆ ಆರು ನಿಮಿಷ! ಇಬ್ಬರೂ ಮಾರನೆಯ ದಿನ ಅಲ್ಲಿಗೆ ಹೋಗಿ ಎದುರಿನ ಟೀ ಅಂಗಡಿಯಲ್ಲಿ ಕೂತು ನೋಡಿದರು. ಮರಿಗಾಳಿಯ ಬಸ್ಸು ಬಂತು. ಕಂಬದ ಪಕ್ಕಕ್ಕೆ, ಅಂಗುಲ ಆಚೀಚೆಯಾಗದ ಹಾಗೆ ನಿಂತಿತು. ಮರಿಗಾಳಿ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಬೆಂಚಿನ ಮೇಲೆ ಕೂತಿದ್ದ ಮುದುಕಿಯನ್ನು ಗೋಗರೆಯುತ್ತಿದ್ದ.

“ಅಜ್ಜೀ, ಒಂದ್ಸಲ ಒತ್ತಿಬಿಡಿ ಅಜ್ಜಿ, ನಿಮಗೆ ಕೈ ಮುಗೀತೀನಿ.”

“ನಾನು ಆಗ್ಲೇ ಒತ್ತಿದೆ ಕಣಪ್ಪ.”

“ಇನ್ನೊಂದ್ಸಲ ಅಜ್ಜಿ. ಬೆಳಗ್ಗಿಂದ ಟೀ ಕುಡಿದಿಲ್ಲ.”

ಅಜ್ಜಿ ಪಾಪ ಎಂದುಕೊಂಡು ಇನ್ನೂ ಮೂರು ಸಲ ಒತ್ತಿದಳು. ಮರಿಗಾಳಿ ಇಳಿದುಬಂದು ಅವಳ ಚೀಲ ಹಿಡಿದು, ಮೊಣಕೈ ಹಿಡಿದು, ಮೆಟ್ಟಿಲು ಹತ್ತಿಸಿ ಮುಂದಿನ ಸೀಟಿನಲ್ಲಿ ಕೂರಿಸಿದ. ಆಮೇಲೆ ಟೀ ಅಂಗಡಿಗೆ ಬಂದ. ಅಲ್ಲಿ ಬಿರುಗಾಳಿ ಕೂತಿದ್ದ.

ಮರಿಗಾಳಿಯ ಮುಖದ ಬಣ್ಣ ಇಳಿಯಿತು. “ಗುರುಗಳೇ...”

“ಕುಡಿ ಕುಡಿ, ಆರಿಹೋಗುತ್ತೆ,” ಎಂದ ಬಿರುಗಾಳಿ. “ಕಂಬದ ಹತ್ರ ನಿಲ್ಲಿಸಿದ್ದು ಚೆನ್ನಾಗಿತ್ತು.”

ಹುಡುಗಿಗೆ ಅಳುವೇ ಬಂದಿತ್ತು. ಇದನ್ನು ಮ್ಯಾನೇಜರು ಕಂಡರೆ ಇಡೀ ಯೋಜನೆಯನ್ನೇ ಮೂಲೆಗೆ ಎಸೆಯುತ್ತಾರೆ. ಬಿರುಗಾಳಿಗೆ ಮಾತ್ರ ನಗು ತಡೆಯಲಾಗುತ್ತಿರಲಿಲ್ಲ. ಅವನ ಕಾಲದಲ್ಲಿ ಮುದುಕಿಯನ್ನು ಕಂಡರೆ ಓಡುತ್ತಿದ್ದ ಜಾತಿ ಈಗ ಮುದುಕಿಯನ್ನು ಹುಡುಕಿಕೊಂಡು ಬರುತ್ತಿದೆ, ಬೆಂಚು ಖಾಲಿಯಿದ್ದರೆ ಮೋರೆ ಸಪ್ಪೆ ಮಾಡುತ್ತಿದೆ.

“ಒಂದು ಸ್ಟಾಪಿಗೆ, ಒಂದು ಬಸ್ಸಿಗೆ, ಎಷ್ಟು ಸಲ ಒತ್ತಿದ್ರೂ ಎರಡೇ ಸಲ ಅಂತ ಮಾಡು,” ಎಂದ.

“ಒಂದೇ ಸಲ ಅಂತ ಮಾಡ್ತೀನಿ. ನ್ಯಾಯವಾಗಿ ಒಂದೇ ಸಾಕಲ್ವಾ?”

“ನ್ಯಾಯವಾಗಿ ಸಾಕು. ಇನ್ನೊಂದು ಅವನ ಟೀಗೆ. ಅಷ್ಟೂ ಬಿಡದಿದ್ರೆ ನಾಳೆ ಹತ್ತಿ ತರ್ತಾನೆ.”

ಹುಡುಗಿ ಮೂರು ದಿನ ಯೋಚಿಸಿ ಎರಡು ಸಲ ಎಂದೇ ಮಾಡಿದಳು. ಎರಡನೆಯದು ಏಕೆ ಎಂದು ವರದಿಯಲ್ಲಿ ‘ಗಾಳಿ, ಮಳೆ, ಇತ್ಯಾದಿ’ ಎಂದು ಬರೆದಳು.

ಮೂರು ತಿಂಗಳು ಆರಾಯಿತು. ಮ್ಯಾನೇಜರು ನಿವೃತ್ತರಾದರು, ಹೊಸಬರು ಬಂದರು, ಅವರಿಗೆ ಹಳೆಯವರು ಮಾಡಿದ್ದನ್ನು ಕಿತ್ತುಹಾಕುವ ಉಮೇದು. ಆದರೆ ಗುಂಡಿ ತೆಗೆಯುತ್ತಾರೆಂಬ ಸುದ್ದಿಗೆ ಮೊದಲು ಬೊಬ್ಬೆ ಹಾಕಿದವರು ಡ್ರೈವರುಗಳೇ. ಈಗ ನಾಲ್ಕು ರೂಟಿನಲ್ಲಿದೆ. ಐದನೆಯದರಲ್ಲಿ ಹಾಕಿದ ವಾರಕ್ಕೇ ಲಾರಿಯೊಂದು ಎರಡು ಕಂಬ ಉರುಳಿಸಿತು, ಇನ್ನೂ ನೆಟ್ಟಿಲ್ಲ. ಕೊನೆಯ ಮೆಟ್ಟಿಲಿಗೆ ಕಂಬಿ ಹಾಕಿಸಲು ಅಕ್ಕ ಹನ್ನೊಂದು ಅರ್ಜಿ ಬರೆದಳು. ಅರ್ಧದಷ್ಟು ಬಸ್ಸಿಗೆ ಬಂದಿದೆ. ಉಳಿದರ್ಧಕ್ಕೆ ಹನ್ನೆರಡನೆಯ ಅರ್ಜಿ ಬರೆಯುತ್ತಿದ್ದಾಳೆ, ಒಕ್ಕಣೆ ಸ್ವಲ್ಪ ಖಾರವಾಗಿದೆ.

ಬಿರುಗಾಳಿಯ ಒಂದು ಮೊಣಕಾಲಿಗೆ ಆಪರೇಷನ್ ಆಯಿತು, ಇನ್ನೊಂದು ಸರದಿಯಲ್ಲಿದೆ. ಗೋಡೌನಿಗೆ ಹೋಗುವುದು ತಪ್ಪಿಸಿಲ್ಲ. ಹುಡುಗಿಗೆ ಈಗ ಇಬ್ಬರು ಸಹಾಯಕರಿದ್ದಾರೆ, ಯಂತ್ರದ ಚಪಲ ಮಾತ್ರ ಹೋಗಿಲ್ಲ. ಮೊನ್ನೆ ಹೊಸದೊಂದು ಸೀಟು ತಂದಿದ್ದಳು. ಇಳಿಯುವ ಸ್ಟಾಪು ಹತ್ತಿರ ಬಂದಾಗ ಮುದುಕರನ್ನು ಅದು ಮೆಲ್ಲಗೆ ಮೇಲೆತ್ತಿ ನಿಲ್ಲಿಸಬೇಕು. ಬಿರುಗಾಳಿ ಕೂತ. ಪೇಪರು ಬಿಡಿಸಿ ಎರಡು ಸಾಲು ಓದಿರಲಿಲ್ಲ, ಸೀಟು ಅವನನ್ನು ಹಿಂದಿನಿಂದ ಎತ್ತಿ ಕಂಬಿಯ ಮೇಲೆ ಒಗೆಯಿತು. ಕನ್ನಡಕ ಒಂದು ಕಡೆ, ಪೇಪರು ಒಂದು ಕಡೆ.

ಸಹಾಯಕರು ಗಾಬರಿಯಿಂದ ಓಡಿಬಂದರು. ಪ್ಲೈವುಡ್ ಬಸ್ಸಿನ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ಪೆಟ್ಟಾಯ್ತಾ ಡ್ರೈವರ್ ಸರ್?” ಎಂದಳು ಹುಡುಗಿ.

“ಮೊದಲು ಬರ್ಕೊ,” ಎಂದ ಬಿರುಗಾಳಿ, ಕಂಬಿಯನ್ನು ಅಪ್ಪಿಕೊಂಡೇ. “ಎತ್ತೋದು ಜೋರಾಯ್ತು, ಬಲಗಡೆಗೆ ವಾಲುತ್ತೆ, ಸ್ಟಾಪು ಬರೋಕೆ ಮುಂಚೆ ಎತ್ತಿದೆ. ಬರ್ಕೊಂಡ್ಯಾ? ಈಗ ಕನ್ನಡಕ ಕೊಡಿ. ಇನ್ನೊಂದ್ಸಲ ಕೂರ್ತೀನಿ.”